ಹಳೆಯ ಪಿಕಪ್ಪಿಗೆ ಹೊಸ ಎಂಜಿನು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವವನಿಗೆ ಎಂಜಿನ್ನಿನ ಗೊಡವೆ ಏಕೆಂದು ಮಿತ್ರರು ಕೇಳಬಹುದು. ಈ ಲೇಖನದ ವಿಷಯವನ್ನು ತಿಳಿಸಿದಾಗ ನಮ್ಮ ಅಧ್ಯಾಪಕರೊಬ್ಬರೂ ನಕ್ಕು ಅದನ್ನೇ ಕೇಳಿದರು. ಉತ್ತರ ಸುಲಭವಾದುದು. ನಮ್ಮ ಮನೆಯಲ್ಲಿ ಪದವಿಯ ತರಗತಿಗೆ ಕಾಲಿಟ್ಟವನು ನಾನೇ ಮೊದಲಿಗ. ನನ್ನನ್ನು ಇಲ್ಲಿಯವರೆಗೆ ಎಳೆದು ತಂದದ್ದು ನಮ್ಮ ತಂದೆಯವರ ಹಳೆಯ ಮಹೀಂದ್ರ ಪಿಕಪ್ಪು. ದಾವಣಗೆರೆಯ ಮಾರುಕಟ್ಟೆಯಿಂದ ಚನ್ನಗಿರಿ, ಹೊನ್ನಾಳಿ, ಜಗಳೂರುಗಳ ಕಡೆಗೆ ಅದು ಮೆಕ್ಕೆಜೋಳ, ಗೊಬ್ಬರ, ಸಿಮೆಂಟು, ಮದುವೆಯ ಪಾತ್ರೆಗಳನ್ನು ಹೊತ್ತು ತಿರುಗಿದ ಬಾಡಿಗೆಯಿಂದಲೇ ನನ್ನ ಪುಸ್ತಕ, ಶುಲ್ಕ, ಬಸ್ಸಿನ ಚೀಟಿ ಎಲ್ಲವೂ ನಡೆದುವು. ಆ ಗಾಡಿ ಕಳೆದ ವರ್ಷ ಏರಿನಲ್ಲಿ ಸೋಲತೊಡಗಿತು. ಅದಕ್ಕೆ ಹೊಸ ಎಂಜಿನು ಹಾಕಿಸಬೇಕೇ ಬೇಡವೇ ಎಂಬ ಪ್ರಶ್ನೆ ಮನೆಯೊಳಗೆ ಮೂರು ತಿಂಗಳು ಕುಳಿತಿತ್ತು. ಆ ಮೂರು ತಿಂಗಳಲ್ಲಿ ಕೇಳಿ, ನೋಡಿ, ಲೆಕ್ಕಹಾಕಿ ತಿಳಿದುದನ್ನೇ ಇಲ್ಲಿ ಬರೆದಿದ್ದೇನೆ.

ಗಾಡಿಯ ಎಂಜಿನನ್ನು ಬದಲಿಸುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಹೋದಾಗ ಮೈಸೂರು ಸಂಸ್ಥಾನದ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆಯೊಂದನ್ನು ಕಟ್ಟಿ, ಅದರ ಅನಿಲದಿಂದ ಓಡಿಸುತ್ತಿದ್ದರು. ಎಂಜಿನು ಅದೇ, ಕುಡಿಯುವ ಪಾನ ಮಾತ್ರ ಬೇರೆ. ಯುದ್ಧ ಮುಗಿದ ಮೇಲೆ ಪೆಟ್ರೋಲು ಲಾರಿಗಳಿಗೆ ಡೀಸೆಲ್ ಎಂಜಿನನ್ನೇ ಇಳಿಸುವ ಕಾಲ ಬಂತು. ಇಂಗ್ಲೆಂಡಿನ ಪರ್ಕಿನ್ಸ್ ಕಂಪೆನಿಯ ಪಿ-6 ಎಂಬ ಆರು ಸಿಲಿಂಡರಿನ ಎಂಜಿನು ಈ ಕೆಲಸಕ್ಕೆ ಹೆಸರಾಗಿತ್ತು. ಮದರಾಸಿನ ಸಿಂಪ್ಸನ್ ಕಂಪೆನಿಯವರು 1950ರ ದಶಕದಲ್ಲಿ ಪರ್ಕಿನ್ಸ್ ಎಂಜಿನುಗಳನ್ನು ಇಲ್ಲೇ ತಯಾರಿಸತೊಡಗಿದರು. 1954ರಲ್ಲಿ ಟಾಟಾ-ಮರ್ಸಿಡಿಸ್ ಲಾರಿಗಳು ಹುಟ್ಟಿನಿಂದಲೇ ಡೀಸೆಲ್ ಆಗಿ ಬಂದ ಮೇಲೆ ದೊಡ್ಡ ಲಾರಿಗಳ ಮಟ್ಟಿಗೆ ಈ ಬದಲಾವಣೆಯ ಅಗತ್ಯ ಕ್ರಮೇಣ ಕಡಿಮೆಯಾಯಿತು.

ಚಿಕ್ಕ ಗಾಡಿಗಳ ಕಥೆ ಬೇರೆ. ಮಹೀಂದ್ರ ಕಂಪೆನಿಯವರು 1947ರಿಂದ ವಿಲ್ಲೀಸ್ ಜೀಪನ್ನು ಈ ದೇಶದಲ್ಲಿ ಜೋಡಿಸತೊಡಗಿದರು. ಅದರಲ್ಲಿದ್ದ ಹರಿಕೇನ್ ಎಂಬ ಪೆಟ್ರೋಲು ಎಂಜಿನು ದಶಕಗಳ ಕಾಲ ನಮ್ಮ ರಸ್ತೆಗಳಲ್ಲಿ ಓಡಿತು. 1979ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪೆನಿಯೊಡನೆ ಒಪ್ಪಂದವಾಗಿ ಡೀಸೆಲ್ ಎಂಜಿನು ಬಂತು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇದನ್ನು 'ಪಿಜೋ ಎಂಜಿನ್' ಎನ್ನುತ್ತಾರೆ. ಹಳೆಯ ಪೆಟ್ರೋಲು ಜೀಪು, ಪಿಕಪ್ಪುಗಳನ್ನು ಇಟ್ಟುಕೊಂಡಿದ್ದವರು ಅವುಗಳ ಎಂಜಿನು ಕಳಚಿ ಪಿಜೋ ಎಂಜಿನನ್ನೋ, ಮ್ಯಾಟಡಾರ್ ವ್ಯಾನಿನ ಎಂಜಿನನ್ನೋ ಕೂರಿಸತೊಡಗಿದರು.

ಇಲ್ಲೊಂದು ಸ್ವಾರಸ್ಯವಿದೆ. ಬಲ ಹೆಚ್ಚಲೆಂದು ಹೀಗೆ ಮಾಡಿದರೆಂದು ನಾನು ತಿಳಿದಿದ್ದೆ. ಅದು ತಪ್ಪು. ಹರಿಕೇನ್ ಎಂಜಿನಿನದು ಸುಮಾರು 72 ಅಶ್ವಶಕ್ತಿ; ಪಿಜೋ ಎಂಜಿನಿನದು 62. ಎಂದರೆ ಮಾಲೀಕನು ಕೈಯಿಂದ ಹಣ ಕೊಟ್ಟು ಹತ್ತು ಕುದುರೆಗಳನ್ನು ಕಳೆದುಕೊಂಡನು! ಅವನು ಗಳಿಸಿದ್ದು ಬಂಕಿನ ಬಿಲ್ಲಿನಲ್ಲಿ. ಒಂದು ಲೀಟರಿಗೆ ಡೀಸೆಲ್ ಗಾಡಿ ಹೆಚ್ಚು ದೂರ ಹೋಗುತ್ತದೆ. ಮೇಲಾಗಿ 2014ರ ಅಕ್ಟೋಬರಿನವರೆಗೆ ಡೀಸೆಲಿನ ಬೆಲೆಯನ್ನು ಸರಕಾರವೇ ನಿಯಂತ್ರಿಸಿ ಪೆಟ್ರೋಲಿಗಿಂತ ಬಹಳ ಕೆಳಗೆ ಇಟ್ಟಿತ್ತು. ಬಾಡಿಗೆ ಗಾಡಿಯವನಿಗೆ ಕುದುರೆಗಿಂತ ಹುಲ್ಲಿನ ಖರ್ಚು ಮುಖ್ಯ. ನಮ್ಮ ಅರ್ಥಶಾಸ್ತ್ರದ ಪಾಠಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಇನ್ನು ಅಶ್ವಶಕ್ತಿ ಎಂದರೇನು? 75 ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಮೇಲೆತ್ತುವ ಶಕ್ತಿಗೆ ಒಂದು ಅಶ್ವಶಕ್ತಿ ಎಂದು ಹೆಸರು. ಆದರೆ ಗಾಡಿಯವರು ಈ ಮಾತನ್ನು ಆಡುವುದು ಕಡಿಮೆ. ಅವರು ಆಡುವುದು 'ಎಳೆತ', 'ಪಿಕಪ್' ಎಂಬ ಮಾತುಗಳನ್ನು. (ಪಿಕಪ್ಪಿಗೆ ಪಿಕಪ್ ಇಲ್ಲ ಎಂದು ನಮ್ಮ ತಂದೆಯವರು ಹೇಳಿದಾಗ ತಂಗಿ ಬಹಳ ಹೊತ್ತು ನಕ್ಕಿದ್ದಳು.) ಎಳೆತವೆಂದರೆ ಎಂಜಿನು ತನ್ನ ಶಾಫ್ಟನ್ನು ತಿರುಚುವ ಬಲ, ಟಾರ್ಕ್. ಎತ್ತು ಭಾರವನ್ನು ನಿಧಾನವಾಗಿ ಎಳೆಯುತ್ತದೆ, ಕುದುರೆ ಕಡಿಮೆ ಭಾರವನ್ನು ಬೇಗ ಎಳೆಯುತ್ತದೆ. ಒಂದು ದಿನದ ಕೊನೆಗೆ ಎರಡರ ಕೆಲಸವೂ ಸಮನಾಗಿರಬಹುದು. ತಿರುಚುವ ಬಲವನ್ನು ಕಿಲೋಗ್ರಾಂ-ಮೀಟರಿನಲ್ಲಿ ಅಳೆದು, ನಿಮಿಷದ ಸುತ್ತುಗಳಿಂದ ಗುಣಿಸಿ, 716ರಿಂದ ಭಾಗಿಸಿದರೆ ಅಶ್ವಶಕ್ತಿ ಬರುತ್ತದೆ. ಪಿಜೋ ಎಂಜಿನಿನ ಅತಿ ಹೆಚ್ಚಿನ ತಿರುಚುಬಲ 12.3, ಅದು ಬರುವುದು 2000 ಸುತ್ತಿನಲ್ಲಿ. ಲೆಕ್ಕಹಾಕಿದರೆ ಆ ವೇಗದಲ್ಲಿ ಸುಮಾರು 34 ಅಶ್ವಶಕ್ತಿ. 62 ಎಂಬ ದೊಡ್ಡ ಸಂಖ್ಯೆ ಬರಬೇಕಾದರೆ 4500 ಸುತ್ತು ತಿರುಗಿಸಬೇಕು; ಹಾಗೆ ಕಿರುಚಾಡಿಸಿ ಯಾವ ಬಡಪಾಯಿಯೂ ಗಾಡಿ ಓಡಿಸುವುದಿಲ್ಲ.

ಎಂಜಿನಿನ ಹೊಟ್ಟೆಯ ಅಳತೆಯನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಪಿಜೋ ಎಂಜಿನಿನ ಹೆಸರು ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರು, ಒಂದೊಂದರ ಅಡ್ಡಗಲ 90 ಮಿಲಿಮೀಟರು ಎಂಬುದು ಹೆಸರಿನಲ್ಲೇ ಇದೆ. ಪಿಸ್ಟನ್ನಿನ ಓಡಾಟ 83 ಮಿಲಿಮೀಟರು. ಹೈಸ್ಕೂಲಿನಲ್ಲಿ ಕಲಿತ ಸ್ತಂಭದ ಸೂತ್ರಕ್ಕೆ ಹಾಕಿದರೆ 2112 ಘನ ಸೆಂಟಿಮೀಟರು ಬರುತ್ತದೆ, ಕಂಪೆನಿ ಹೇಳುವುದೂ ಅಷ್ಟೇ. ಆ ಸೂತ್ರ ಜೀವನದಲ್ಲಿ ಉಪಯೋಗಕ್ಕೆ ಬಂದುದು ನನಗೆ ಇದೇ ಮೊದಲು.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಗುಜರಿಯಲ್ಲಿ ಒಂದು ಎಂಜಿನು ಬಂದಿದೆ ಎಂದು ಯಾರೋ ತಂದೆಯವರಿಗೆ ತಿಳಿಸಿದರು. ಅಪಘಾತದಲ್ಲಿ ಮೈ ಮುರಿದ ಹೊಸ ಕಾಲದ ಪಿಕಪ್ಪಿನದು. 2523 ಘನ ಸೆಂಟಿಮೀಟರು, ಟರ್ಬೊ ಉಳ್ಳದ್ದು. ತಿರುಚುಬಲ ನಮ್ಮದರ ಒಂದೂವರೆ ಪಟ್ಟಿಗೂ ಮಿಗಿಲು, ಸುಮಾರು 20. ಟರ್ಬೊ ಎಂದರೆ ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರಿಂದ ಸಿಲಿಂಡರಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಉಪಾಯ. ಗಾಳಿ ಹೆಚ್ಚಾದರೆ ಹೆಚ್ಚು ಡೀಸೆಲನ್ನು ಸುಡಬಹುದು. ಎಂಜಿನು, ಕೂಲಿ, ಚಿಲ್ಲರೆ ಸಾಮಾನು ಎಲ್ಲ ಸೇರಿ ಒಂದು ಲಕ್ಷದ ಇಪ್ಪತ್ತು ಸಾವಿರ ಆಗಬಹುದೆಂದು ಅಂದಾಜು ಕೊಟ್ಟರು. ಅವ್ವ ಸಂಘದಲ್ಲಿ ಕೂಡಿಸಿ ಇಟ್ಟಿದ್ದ ಹಣವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಅದು ತೋಳಹುಣಸೆಯ ವಿಶ್ವವಿದ್ಯಾನಿಲಯದಲ್ಲಿ ನಾನು ಎಂ.ಎ. ಓದಲೆಂದು ಇಟ್ಟದ್ದು. ತಂದೆಯವರು ಒಂದು ರಾತ್ರಿ ಊಟಕ್ಕೆ ಕುಳಿತಾಗ, "ಗಾಡಿ ನಡೆದ್ರೆ ಓದು ನಡೀತೈತಿ. ಗಾಡಿ ನಿಂತ್ರೆ ಎರಡೂ ನಿಲ್ತಾವೆ. ನೀನೇ ವಿಚಾರ ಮಾಡಿ ಹೇಳಪ್ಪಾ" ಎಂದರು. ಇಪ್ಪತ್ತು ವರ್ಷಗಳಲ್ಲಿ ಅವರು ನನ್ನನ್ನು ಸಲಹೆ ಕೇಳಿದ್ದು ಅದೇ ಮೊದಲು. ಅಂದು ನನಗೆ ಅನ್ನ ಇಳಿಯಲಿಲ್ಲ.

ಮರುದಿನ ಭಾನುವಾರ. ನಾನು ಹರಿಹರಕ್ಕೆ ಹೋದೆ. ದಾವಣಗೆರೆಯಿಂದ ಹರಿಹರ ಸುಮಾರು ಹದಿನಾಲ್ಕು ಕಿಲೋಮೀಟರು. ಅಲ್ಲಿ ನನ್ನ ಸೋದರಮಾವನವರ ಮನೆ. ಮಾವನವರು ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತು ನಡೆಸಿದವರು. ಆ ಕಾರ್ಖಾನೆಯ ಹೆಸರನ್ನು ನನ್ನ ವಯಸ್ಸಿನವರು ಮರೆಯುತ್ತಿರುವುದರಿಂದ ಎರಡು ಮಾತು ಹೇಳುತ್ತೇನೆ. ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು 1941ರಲ್ಲಿ ಮೈಸೂರು ಸಂಸ್ಥಾನದ ಪ್ರೋತ್ಸಾಹದಿಂದ ಹರಿಹರದಲ್ಲಿ ಅದನ್ನು ಸ್ಥಾಪಿಸಿದರು. ಯಂತ್ರಗಳನ್ನು ಮಾಡುವ ಯಂತ್ರ, ಅಂದರೆ ಲೇತುಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರಿನ ಆ ಲೇತುಗಳು ದೇಶದ ಎಷ್ಟೋ ವರ್ಕ್‌ಶಾಪು, ಪಾಲಿಟೆಕ್ನಿಕ್ಕುಗಳಲ್ಲಿ ಇಂದಿಗೂ ತಿರುಗುತ್ತಿವೆ. ಕಾರ್ಖಾನೆ ಮಾತ್ರ ಈ ಶತಮಾನದ ಮೊದಲ ವರ್ಷಗಳಲ್ಲಿ ಬಾಗಿಲು ಹಾಕಿತು. ಮಾವನವರು ಬರಿಗೈಯಲ್ಲಿ ಬಂದರೂ ಕೈಯಲ್ಲಿದ್ದ ವಿದ್ಯೆ ಉಳಿದಿತ್ತು. ಒಂದು ಹಳೆಯ ಲೇತನ್ನು ಕೊಂಡು ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ ಕುಳಿತರು. ಆ ಲೇತಿನ ಮೈಮೇಲೆ ಹರಿಹರದ ಹೆಸರೇ ಎರಕದಲ್ಲಿದೆ.

ನಾನು ವಿಷಯ ತಿಳಿಸಿದ ಕೂಡಲೆ ಮಾವನವರು ನಕ್ಕು, "ಹಂಗಾದ್ರೆ ನಿಮ್ಮಪ್ಪ ಹರಿಹರ ಗಾಡಿ ಮಾಡ್ತಾನಂತೇನು?" ಎಂದರು. ಹರಿಹರೇಶ್ವರನ ಗುಡಿಯನ್ನು ನೋಡಿದವರಿಗೆ ಈ ಹಾಸ್ಯ ಅರ್ಥವಾಗುತ್ತದೆ. ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಆ ದೇವಾಲಯದಲ್ಲಿ ಒಂದೇ ವಿಗ್ರಹದ ಬಲಭಾಗ ಶಿವ, ಎಡಭಾಗ ವಿಷ್ಣು. ಒಂದು ಗಾಡಿಯ ಎಂಜಿನು, ಇನ್ನೊಂದು ಗಾಡಿಯ ಮೈ ಕೂಡಿದರೆ ಅದಕ್ಕೆ ಮಾವನವರು ಇಟ್ಟ ಹೆಸರು ಅದು. "ದೇವ್ರಿಗೆ ನಡುವೆ ಗೀಟು ಕಾಣಂಗಿಲ್ಲ. ಗಾಡಿಗೆ ಆ ಗೀಟಿನಾಗೇ ಎಲ್ಲಾ ತಾಪತ್ರಯ" ಎಂದು ಮುಂದುವರಿಸಿದರು.

ಆ ಗೀಟು ಯಾವುದೆಂಬುದೇ ಈ ವಿದ್ಯೆಯ ತಿರುಳು. ಎಂಜಿನಿನ ಹಿಂದೆ ಫ್ಲೈವೀಲು, ಅದಕ್ಕೆ ಅಂಟಿಕೊಂಡು ಕ್ಲಚ್ಚು, ಅದರ ನಡುವೆ ತೂರಿಕೊಂಡು ಬರುವ ಗೇರ್ ಪೆಟ್ಟಿಗೆಯ ಶಾಫ್ಟು. ಬೇರೆ ಬೇರೆ ಗಾಡಿಗಳ ಎಂಜಿನು ಮತ್ತು ಗೇರ್ ಪೆಟ್ಟಿಗೆಗಳ ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ. ಆದ್ದರಿಂದ ನಡುವೆ ದಪ್ಪ ಉಕ್ಕಿನ ಒಂದು ಪ್ಲೇಟನ್ನು ಕೊರೆದು ಹಾಕುತ್ತಾರೆ. ಅದನ್ನು ಅಡಾಪ್ಟರ್ ಪ್ಲೇಟು ಎನ್ನುತ್ತಾರೆ. ಒಂದು ಬದಿಯ ತೂತುಗಳು ಎಂಜಿನಿಗೆ, ಇನ್ನೊಂದು ಬದಿಯವು ಗೇರ್ ಪೆಟ್ಟಿಗೆಗೆ. ನೋಡಲು ರೊಟ್ಟಿಯ ತವೆಯಂತೆ ಇರುತ್ತದೆ. ತೂತು ಕೊರೆಯುವುದು ಯಾರಿಗಾದರೂ ಬರುತ್ತದೆ, ಕಷ್ಟವಿರುವುದು ನಡುಬಿಂದುವಿನಲ್ಲಿ. ಎಂಜಿನಿನ ಕ್ರ್ಯಾಂಕ್ ಶಾಫ್ಟಿನ ನಡುಬಿಂದುವೂ ಗೇರ್ ಪೆಟ್ಟಿಗೆಯ ಶಾಫ್ಟಿನ ನಡುಬಿಂದುವೂ ಒಂದೇ ಗೆರೆಯಲ್ಲಿ ಇರಬೇಕು. ಡಯಲ್ ಗೇಜು ಇಟ್ಟು ಒಂದು ಸುತ್ತು ತಿರುಗಿಸಿದಾಗ ಮುಳ್ಳು ಐದು ಥೌ ದಾಟಬಾರದು ಎಂಬುದು ಮಾವನವರ ನಿಯಮ. ಥೌ ಎಂದರೆ ಅಂಗುಲದ ಸಾವಿರದ ಒಂದು ಪಾಲು. ಐದು ಥೌ ಎಂದರೆ ಒಂದು ಮಿಲಿಮೀಟರಿನ ಎಂಟರಲ್ಲಿ ಒಂದು ಭಾಗ, ಈ ಪತ್ರಿಕೆಯ ಹಾಳೆಯೊಂದರ ದಪ್ಪಕ್ಕೆ ಹತ್ತಿರ.

ಅದು ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಓಣಿಯಲ್ಲೇ ಕಂಡಿದ್ದೇನೆ. ತಂದೆಯವರ ಸ್ನೇಹಿತರೊಬ್ಬರು ಎಲ್ಲಿಯೋ ಅಗ್ಗಕ್ಕೆ ಎಂಜಿನು ಕೂಡಿಸಿಕೊಂಡು ಬಂದರು. ಪ್ಲೇಟಿನ ತೂತುಗಳನ್ನು ಕಣ್ಣಳತೆಯಲ್ಲಿ ಗುರುತು ಮಾಡಿದ್ದರಂತೆ. ಮೊದಲ ವಾರ ಗಾಡಿ ಹಕ್ಕಿಯಂತೆ ಹಾರಿತು. ಆಮೇಲೆ ಕ್ಲಚ್ ಒತ್ತಿದಾಗ ಕೀಚು ಸದ್ದು, ಆಮೇಲೆ ಗೇರು ಬೀಳದಿರುವುದು. ಮೂರನೆಯ ತಿಂಗಳಲ್ಲಿ ಕ್ಲಚ್ ಪ್ಲೇಟಿನ ಹಲ್ಲುಗಳು ಸವೆದು, ಶಾಫ್ಟಿನ ಮೂತಿಯ ಬೇರಿಂಗು ಪುಡಿಯಾಗಿ, ಗಾಡಿ ಹೆದ್ದಾರಿಯ ಬದಿಗೆ ನಿಂತಿತು. ಎರಡು ಸಲ ರಿಪೇರಿ ಮಾಡಿಸಿದ ಹಣದಲ್ಲಿ ಒಳ್ಳೆಯ ಪ್ಲೇಟುಗಳು ನಾಲ್ಕು ಆಗುತ್ತಿದ್ದುವು.

ಪ್ಲೇಟು ಸರಿಯಾದರೂ ಕೆಲಸ ಮುಗಿಯಲಿಲ್ಲ. ಮಾವನವರು ಲೇತಿನ ಮೇಲೆ ಸೀಮೆಸುಣ್ಣದಿಂದ ಒಂದು ಲೆಕ್ಕ ಬರೆದು ತೋರಿಸಿದರು. ಹಳೆಯ ಜೀಪಿನ ಹಿಂದಿನ ಹೌಸಿಂಗಿನಲ್ಲಿ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8 ಹಲ್ಲು. ಎಂಜಿನು ಐದು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿದರೆ ಚಕ್ರ ಒಂದು ಸುತ್ತು. ತಿರುಚುಬಲವೂ ಅಷ್ಟೇ ಪಟ್ಟು ಬೆಳೆಯುತ್ತದೆ. ಅದರ ಮೂರು ಗೇರಿನ ಪೆಟ್ಟಿಗೆಯಲ್ಲಿ ಮೊದಲ ಗೇರು ಇನ್ನೂ 2.8 ಪಟ್ಟು ಮಾಡುತ್ತದೆ. ಎರಡೂ ಸೇರಿ ಹದಿನೈದು ಪಟ್ಟು. ಎಂಜಿನಿನಲ್ಲಿ 12.3 ಇದ್ದುದು ಹಿಂದಿನ ಆಕ್ಸಲಿಗೆ ಬರುವಾಗ 185 ಆಗುತ್ತದೆ. 20ರ ಎಂಜಿನು ಹಾಕಿದರೆ 300 ದಾಟುತ್ತದೆ. ಆಕ್ಸಲು, ಕ್ರಾಸು, ಪ್ರೊಪೆಲ್ಲರ್ ಶಾಫ್ಟು ಇವು ಯಾವುದಕ್ಕೂ ಮೇಲೆ ಎಂಜಿನು ಬದಲಾಯಿತೆಂಬ ವರ್ತಮಾನ ಹೋಗಿರುವುದಿಲ್ಲ. ತುಂಬಿದ ಗಾಡಿಯ ಕ್ಲಚ್ಚನ್ನು ಒಮ್ಮೆ ದಡಕ್ಕನೆ ಬಿಟ್ಟರೆ ಅವುಗಳಲ್ಲಿ ಬಡವಾದದ್ದು ಮುರಿಯುತ್ತದೆ. ನಮ್ಮ ಗಾಡಿ ಜೀಪಿಗಿಂತ ಹೊಸದು, ಗೇರುಗಳೂ ಬೇರೆ. ಆದರೂ ಲೆಕ್ಕದ ದಾರಿ ಇದೇ.

ಆಮೇಲೆ ಬ್ರೇಕು. ನಲವತ್ತು ಕಿಲೋಮೀಟರು ವೇಗದ ಗಾಡಿಯನ್ನು ನಿಲ್ಲಿಸುವುದಕ್ಕಿಂತ ಅರವತ್ತರ ವೇಗದಲ್ಲಿ ನಿಲ್ಲಿಸಲು ಎರಡೂಕಾಲು ಪಟ್ಟು ಶಕ್ತಿಯನ್ನು ಬ್ರೇಕು ನುಂಗಬೇಕು. ವೇಗದ ವರ್ಗಕ್ಕೆ ಸರಿಯಾಗಿ ಅದು ಏರುತ್ತದೆ. ಏರಿನಲ್ಲಿ ಬಲ ಬೇಕೆನ್ನುವವರು ಇಳಿಜಾರಿನಲ್ಲಿ ಏನಾದೀತೆಂದು ಯೋಚಿಸುವುದಿಲ್ಲ. ಪೆಟ್ರೋಲಿನಿಂದ ಡೀಸೆಲಿಗೆ ಬದಲಿಸಿದವರಿಗೆ ಇನ್ನೊಂದು ಗುಂಡಿಯೂ ಇತ್ತು. ಪೆಟ್ರೋಲು ಎಂಜಿನು ಉಸಿರು ಎಳೆಯುವಾಗ ಅದರ ಗಂಟಲಿನ ಮುಚ್ಚಳದ ಹಿಂದೆ ನಿರ್ವಾತ ಉಂಟಾಗುತ್ತದೆ. ಬ್ರೇಕಿನ ಬೂಸ್ಟರು ಇರುವ ಗಾಡಿಗಳಲ್ಲಿ ಪೆಡಲನ್ನು ಹಗುರ ಮಾಡುವುದು ಆ ನಿರ್ವಾತವೇ. ಡೀಸೆಲ್ ಎಂಜಿನಿಗೆ ಅಂತಹ ಮುಚ್ಚಳವಿಲ್ಲ, ನಿರ್ವಾತವೂ ಇಲ್ಲ. ಆಲ್ಟರ್ನೇಟರಿನ ಬೆನ್ನಿಗೆ ಕೂರಿಸಿದ ಸಣ್ಣ ಪಂಪೊಂದು ಅದನ್ನು ಒದಗಿಸಬೇಕು. ಆ ಪಂಪನ್ನು ಜೋಡಿಸಲು ಮರೆತರೆ ಪೆಡಲು ಕಲ್ಲಾಗುತ್ತದೆ.

ರೇಡಿಯೇಟರು, ಮುಂದಿನ ಸ್ಪ್ರಿಂಗು, ಬ್ಯಾಟರಿ, ಸ್ಟಾರ್ಟರು, ಸೈಲೆನ್ಸರಿನ ಕೊಳವೆ ಇವುಗಳ ಮಾತನ್ನು ಬಿಡುತ್ತೇನೆ. ಸುಟ್ಟ ಎಣ್ಣೆಯ ಶಾಖದಲ್ಲಿ ಮೂರನೆಯ ಒಂದು ಪಾಲಿನಷ್ಟನ್ನು ತಣ್ಣೀರು ಹೊತ್ತು ಹೊರಹಾಕಬೇಕಾಗುತ್ತದೆ, ದೊಡ್ಡ ಎಂಜಿನಿಗೆ ಚಿಕ್ಕ ರೇಡಿಯೇಟರು ಸಾಲದು ಎಂದರೆ ಸಾಕು. ಗುಜರಿಯ ಆ ಎಂಜಿನಿನಲ್ಲಿ ಇನ್ನೂ ಒಂದು ತೊಡಕಿತ್ತು. ಹಳೆಯ ಡೀಸೆಲಿಗೆ ಒಂದು ತಂತಿ ಸಾಕು. ಹೊಸ ಕಾಲದ್ದಕ್ಕೆ ಡೀಸೆಲನ್ನು ಸಾವಿರ ವಾಯುಭಾರಕ್ಕೂ ಮೀರಿದ ಒತ್ತಡದಲ್ಲಿ ಇಟ್ಟುಕೊಂಡು, ಯಾವ ಕ್ಷಣದಲ್ಲಿ ಎಷ್ಟು ಹನಿ ಎಂಬುದನ್ನು ಕಂಪ್ಯೂಟರಿನ ಪೆಟ್ಟಿಗೆಯೊಂದು ಹೇಳುತ್ತದೆ. ಆ ಪೆಟ್ಟಿಗೆ, ಅದರ ತಂತಿಗಳ ಜಡೆ, ಕೀಲಿಯ ಗುರುತು ಎಲ್ಲವೂ ಜೊತೆಗೆ ಬರಬೇಕು. ಗುಜರಿಯವರು ತಂತಿಗಳನ್ನು ಕತ್ತರಿಸಿ ತಾಮ್ರದ ತೂಕಕ್ಕೆ ಹಾಕಿಬಿಟ್ಟಿದ್ದರು!

ಇಷ್ಟಾದರೂ ನನ್ನ ಮನಸ್ಸು ಪೂರ್ತಿ ಹಿಂದೆಗೆದಿರಲಿಲ್ಲ. ಹಿಂದೆಗೆಯುವಂತೆ ಮಾಡಿದುದು ಕಾನೂನು. ಗಾಡಿಯ ಆರ್.ಸಿ.ಯಲ್ಲಿ ಎಂಜಿನಿನ ಸಂಖ್ಯೆ, ಅಶ್ವಶಕ್ತಿ, ಘನ ಅಳತೆ ಎಲ್ಲವೂ ಇರುತ್ತವೆ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವನ್ನು 2000ದಲ್ಲಿ ತಿದ್ದಿದರು. ಅದರ ಪ್ರಕಾರ, ತಯಾರಕನು ಮೊದಲು ನಿಗದಿಪಡಿಸಿದ ವಿವರಗಳಿಗೂ ಆರ್.ಸಿ.ಯಲ್ಲಿ ಇರುವುದಕ್ಕೂ ವ್ಯತ್ಯಾಸ ಬರುವಂತೆ ಮಾಲೀಕನು ಗಾಡಿಯನ್ನು ಮಾರ್ಪಡಿಸಕೂಡದು. ಅನಿಲ, ಬ್ಯಾಟರಿ ಮೊದಲಾದ ಬೇರೆ ಇಂಧನಕ್ಕೆ ಒಪ್ಪಿಗೆ ಪಡೆದ ಕಿಟ್ಟಿನ ಮೂಲಕ ಬದಲಿಸುವುದಕ್ಕೆ ಮಾತ್ರ ನಿಯಮಬದ್ಧ ಅವಕಾಶವಿದೆ. 2019ರ ಜನವರಿಯಲ್ಲಿ ಕೇರಳದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಕ್ರಮ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಮಾರ್ಪಾಟೊಂದಕ್ಕೆ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಎರಡೂ ಎಂದು ಬಂತು. ಅದೇ ಮಾದರಿಯ ಎಂಜಿನನ್ನು ಹಾಕಿಸಿದರೂ ಸಂಖ್ಯೆಯನ್ನು ಸಾರಿಗೆ ಕಚೇರಿಯಲ್ಲಿ ನಮೂದಿಸಬೇಕು. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನಗಳ ಒಡೆಯರಿಗೆ ಅದೇ ಮಾದರಿಯ ಎಂಜಿನನ್ನು ಮುಂಚಿತ ಒಪ್ಪಿಗೆಯಿಲ್ಲದೆ ಬದಲಿಸಲು ರಾಜ್ಯ ಸರಕಾರ ಅಧಿಕಾರ ಕೊಡಬಹುದೆಂದು ಆ ಪ್ರಕರಣದಲ್ಲೇ ಇದೆ. ಒಂದೇ ಗಾಡಿಯವನಿಗೆ ಆ ಅನುಕೂಲವಿಲ್ಲ. ಇದನ್ನು ಓದಿದಾಗ ನನಗೆ ಸ್ವಲ್ಪ ಕಹಿಯೆನಿಸಿತೆಂದು ಹೇಳದೆ ಇರಲಾರೆ. ಆದರೂ ಒಂದು ಮಾತು ನಿಜ: ಬೇರೆ ಎಂಜಿನಿನ ಗಾಡಿಯನ್ನು ಪ್ರತಿ ವರ್ಷದ ಎಫ್.ಸಿ.ಗೆ ಒಯ್ದು ನಿಲ್ಲಿಸುವಾಗ ತಂದೆಯವರ ಎದೆ ಬಡಿದುಕೊಳ್ಳುತ್ತಿತ್ತು. ಅಪಘಾತವೇನಾದರೂ ಆದರೆ ವಿಮೆಯವರಿಗೆ ತಕರಾರು ತೆಗೆಯಲು ಅದೊಂದು ನೆಪ ಸಿಗುತ್ತಿತ್ತು.

ಹಾಗಾದರೆ ಏರಿನಲ್ಲಿ ಸೋಲುವ ಗಾಡಿಗೆ ಏನು ಗತಿ? ನನ್ನ ಓದು ಉಪಯೋಗಕ್ಕೆ ಬಂದದ್ದು ಇಲ್ಲಿ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಗಾಡಿ, ಲೋಡು ಸೇರಿ 2500 ಕಿಲೋ ಎಂದಿಟ್ಟುಕೊಳ್ಳೋಣ. ಹದಿನೈದಕ್ಕೆ ಒಂದರಂತೆ ಏರುವ ರಸ್ತೆಯಲ್ಲಿ ಅದನ್ನು ಹಿಂದಕ್ಕೆ ಎಳೆಯುವ ಭಾರ 2500ರ ಹದಿನೈದನೆಯ ಒಂದು ಪಾಲು, ಅಂದರೆ 167 ಕಿಲೋ. ಟೈರುಗಳ ತಡೆ ಟನ್ನಿಗೆ 15 ಕಿಲೋದಂತೆ ಇನ್ನು 37. ಒಟ್ಟು 204 ಕಿಲೋ. ಗಂಟೆಗೆ ಮೂವತ್ತು ಕಿಲೋಮೀಟರೆಂದರೆ ಸೆಕೆಂಡಿಗೆ 8.33 ಮೀಟರು. ಗುಣಿಸಿ 75ರಿಂದ ಭಾಗಿಸಿದರೆ ಬರುವುದು 23 ಅಶ್ವಶಕ್ತಿ ಮಾತ್ರ. ಗೇರುಗಳಲ್ಲಿ ನಷ್ಟವಾಗುವುದನ್ನು ಸೇರಿಸಿದರೂ 27ರ ಆಸುಪಾಸು. ನಮ್ಮ ಎಂಜಿನು ಹೊಸದರಲ್ಲಿ 2000 ಸುತ್ತಿಗೇ 34 ಕೊಡುತ್ತಿತ್ತು ಎಂದು ಮೇಲೆ ನೋಡಿದೆವಷ್ಟೆ. ಹಾಗಿದ್ದರೂ ಅದು ಮೂವತ್ತರಲ್ಲಿ ಏರದೆ ಹದಿನೈದಕ್ಕೆ ಇಳಿಯುತ್ತಿತ್ತು. ಎಂದಮೇಲೆ ಎಂಜಿನು ಚಿಕ್ಕದೆಂಬುದು ಕಾರಣವಲ್ಲ. ಅದು ತನ್ನ ಬಲವನ್ನು ಎಲ್ಲಿಯೋ ಕಳೆದುಕೊಳ್ಳುತ್ತಿತ್ತು.

ಈ ಚೀಟಿಯನ್ನು ನೋಡಿ ಮಾವನವರು ಕನ್ನಡಕ ಏರಿಸಿ, ಎರಡು ಸಲ ಓದಿ, ಮಾತಾಡದೆ ಅಂಗಿ ತೊಟ್ಟು ನನ್ನ ಜೊತೆ ದಾವಣಗೆರೆಗೆ ಹೊರಟರು. ಗಾಡಿ ಸ್ಟಾರ್ಟು ಮಾಡಿಸಿ, ಎಣ್ಣೆ ಹೊಯ್ಯುವ ಮುಚ್ಚಳ ತೆಗೆದು ಅಂಗೈ ಹಿಡಿದರು. ಭುಸುಭುಸನೆ ಹೊಗೆ ಬಂತು. ಸಿಲಿಂಡರಿನಲ್ಲಿ ಸಿಡಿದ ಅನಿಲ ಸವೆದ ರಿಂಗುಗಳ ಸಂದಿನಿಂದ ಕೆಳಗೆ ನುಸುಳಿ ಹೀಗೆ ಹೊರಗೆ ಬರುತ್ತದೆ. ಸೈಲೆನ್ಸರಿನ ಹೊಗೆ ನೀಲಿಯಾಗಿತ್ತು. ಎಣ್ಣೆ ಸುಡುತ್ತಿದೆ ಎಂಬುದಕ್ಕೆ ಅದು ಗುರುತು. ಕರಿಯ ಹೊಗೆ ಬಂದರೆ ಗಾಳಿ ಕಡಿಮೆ ಅಥವಾ ಡೀಸೆಲು ಹೆಚ್ಚು ಎಂದರ್ಥ. ಬಿಳಿಯದಾದರೆ ಡೀಸೆಲು ಸುಡದೆ ಆವಿಯಾಗಿ ಹೋಗುತ್ತಿದೆ, ಇಲ್ಲವೆ ನೀರು ಒಳಗೆ ಸೇರುತ್ತಿದೆ. ಒತ್ತಡ ಅಳೆಯುವ ಗೇಜನ್ನು ಒಂದೊಂದು ಸಿಲಿಂಡರಿಗೂ ಹಾಕಿ ನೋಡಿದಾಗ ಎರಡು ಸರಿಯಾಗಿದ್ದುವು, ಇನ್ನೆರಡರಲ್ಲಿ ಮೂರನೆಯ ಒಂದು ಪಾಲು ಒತ್ತಡವೇ ಇರಲಿಲ್ಲ. ಡೀಸೆಲ್ ಎಂಜಿನಿನಲ್ಲಿ ಕಿಡಿ ಹಚ್ಚುವ ಪ್ಲಗ್ಗು ಇಲ್ಲ. ಗಾಳಿಯನ್ನು ಇಪ್ಪತ್ತು ಪಟ್ಟಿಗೂ ಮೇಲೆ ಹಿಂಡಿದಾಗ ಹುಟ್ಟುವ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳಬೇಕು. ರುಡಾಲ್ಫ್ ಡೀಸೆಲನು 1897ರಲ್ಲಿ ತೋರಿಸಿದ್ದು ಇದನ್ನೇ. ಒತ್ತಡ ಸೋರಿದರೆ ಕಾವಿಲ್ಲ, ಕಾವಿಲ್ಲದಿದ್ದರೆ ಬಲವೂ ಇಲ್ಲ.

"ಭಾವಾ, ನಿಮ್ಮ ಎಂಜಿನ್ ಸತ್ತಿಲ್ರಿ. ಬೋರಿಗೆ ಬಂದೈತಿ ಅಷ್ಟೆ" ಎಂದರು ಮಾವನವರು. ತಂದೆಯವರು ಬಹಳ ಹೊತ್ತು ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಟರ್ಬೊ ಎಂಜಿನಿನ ಆಸೆ ಅವರಿಗೆ ಪೂರಾ ಹೋಗಿರಲಿಲ್ಲವೆಂದು ತೋರುತ್ತದೆ. ಹೊಸ ಗಾಡಿಯವರು ಏರಿನಲ್ಲಿ ಹಾರನ್ ಹೊಡೆದು ಮುಂದೆ ಹೋಗುವಾಗ ಆಗುವ ಸಂಕಟವನ್ನು ನನ್ನ ಲೆಕ್ಕದ ಚೀಟಿ ಕಳೆಯಲಾರದು.

ಎಂಜಿನು ಇಳಿಸಿ ಹರಿಹರಕ್ಕೆ ಒಯ್ದೆವು. ನಾಲ್ಕು ಸಿಲಿಂಡರುಗಳನ್ನೂ ಬೋರು ಮಾಡಿಸಿ ಲೈನರು ಕೂರಿಸಿದುದು, ಪಿಸ್ಟನ್, ರಿಂಗು, ಬೇರಿಂಗುಗಳ ಜೊತೆ, ಕ್ರ್ಯಾಂಕಿನ ಗ್ರೈಂಡಿಂಗು, ವಾಲ್ವುಗಳ ಕೂಡಿಕೆ, ಡೀಸೆಲ್ ಪಂಪಿನ ಕ್ಯಾಲಿಬ್ರೇಷನ್, ನಾಲ್ಕು ನಾಝಲ್ಲುಗಳು ಎಲ್ಲ ಸೇರಿ ನಲವತ್ತಾರು ಸಾವಿರ ಆಯಿತು. ಮಾವನವರು ತಮ್ಮ ಕೂಲಿ ಹಿಡಿಯಲಿಲ್ಲ. ಹಿಡಿದಿದ್ದರೆ ಐವತ್ತೈದು ಆಗುತ್ತಿತ್ತೆಂದು ಲೆಕ್ಕದಲ್ಲಿ ಪ್ರಾಮಾಣಿಕವಾಗಿ ಸೇರಿಸಿ ಓದಿಕೊಳ್ಳಬೇಕು. ಎಂಜಿನಿನ ಸಂಖ್ಯೆ ಹಳೆಯದೇ, ಆರ್.ಸಿ. ಹಳೆಯದೇ. ಅವ್ವನ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಒಂದು ವರ್ಷದ ಎಂ.ಎ.ಗೆ ಅದು ಸಾಕು. ಎರಡನೆಯ ವರ್ಷದ್ದನ್ನು ಗಾಡಿಯೇ ದುಡಿಯಬೇಕು.

ಬೋರು ಮಾಡಿಸಿದ ಎಂಜಿನನ್ನು ಕೂಡಲೇ ದುಡಿಸಬಾರದು. ಹೊಸ ರಿಂಗುಗಳು ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳಲು ಮೊದಲ ಸಾವಿರ ಕಿಲೋಮೀಟರು ಅರ್ಧ ಲೋಡು, ಮಧ್ಯಮ ವೇಗ. ಒಂದೇ ವೇಗದಲ್ಲಿ ಬಹಳ ದೂರ ಓಡಿಸಬಾರದು, ನಿಲ್ಲಿಸಿದ ಕಡೆ ಸುಮ್ಮನೆ ಉರಿಸುತ್ತ ಇಡಲೂಬಾರದು. ಆಮೇಲೆ ಎಣ್ಣೆ, ಫಿಲ್ಟರು ಬದಲಿಸಿ, ಹೆಡ್ಡಿನ ಬೋಲ್ಟುಗಳನ್ನು ಮತ್ತೊಮ್ಮೆ ನೋಡಬೇಕು. ಈ ಲೇಖನವನ್ನು ಸಂಪಾದಕರಿಗೆ ಕೊಡುವ ಹೊತ್ತಿಗೆ ಮೀಟರು 640 ತೋರಿಸುತ್ತಿದೆ. ನಿನ್ನೆ ಚನ್ನಗಿರಿಯ ಕಡೆಗೆ ಹನ್ನೆರಡು ಚೀಲ ಗೊಬ್ಬರ ಹೋಯಿತು. ಇಪ್ಪತ್ತು ಚೀಲ ಹಾಕಿಕೊಳ್ಳೆಂದು ಅಂಗಡಿಯವರು ಎಷ್ಟು ಹೇಳಿದರೂ ತಂದೆಯವರು ಕೇಳಲಿಲ್ಲವಂತೆ. ಏರಿನ ಅರ್ಧದಲ್ಲಿ ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹಾಕಿದೆ ಎಂದು ರಾತ್ರಿ ಬಂದು ಹೇಳಿದರು.